ತಣ್ಣನೆಯ ನಳಿಗೆಯ ಮೊದಲ ಗುಂಡು

ಬೆಳಗಿನ ಆರೂವರೆ. ಹುಲ್ಲಿನ ಮೇಲೆ ಬಿದ್ದ ಮಂಜು ಕಾಲಿಟ್ಟರೆ ಕರಕರ ಎನ್ನುವಷ್ಟು ಗಟ್ಟಿಯಾಗಿದೆ. ಸ್ಮರ್ಚೆವೊ ಊರಿನ ಮೇಲುಭಾಗದಲ್ಲಿ, ಬೇಟೆಗಾರರ ವಸತಿಗೃಹದ ಹಿಂದೆ ಕಿರಿದಾದ ಒಂದು ಹುಲ್ಲುಗಾವಲು. ಅದರ ಈ ತುದಿಯಲ್ಲಿ ಮರದ ಮೇಜು, ನೂರು ಮೀಟರ್ ಆಚೆ ಮಣ್ಣಿನ ದಿಬ್ಬಕ್ಕೆ ಒರಗಿಸಿದ ಹಲಗೆ, ಹಲಗೆಯ ಮೇಲೆ ಬಿಳಿ ಕಾಗದ. ಹಿಂದಿನ ಸಂಜೆಯಷ್ಟೇ ಬಂದಿಳಿದ ಅತಿಥಿಯೊಬ್ಬರು ಮೇಜಿಗೆ ಮೊಣಕೈ ಊರಿ ಒಂದಾದ ಮೇಲೊಂದು ಮೂರು ಗುಂಡು ಹಾರಿಸುತ್ತಾರೆ. ಹಾರಿಸಿ, ಹೇಗಿದೆ ಎಂಬಂತೆ ಹಿಂದಕ್ಕೆ ತಿರುಗುತ್ತಾರೆ.

ಹಿಂದೆ ನಿಂತಿರುವವರು ಐವತ್ತೊಂಬತ್ತರ ಸೆವ್ದಾ ಚಕರೋವಾ. ಮೈಮೇಲೆ ಗಂಡನ ಹಳೆಯ ಉಣ್ಣೆ ಕೋಟು, ತಲೆಗೆ ಬಿಗಿದು ಕಟ್ಟಿದ ವಸ್ತ್ರ, ಕಿವಿಯ ಮೇಲೆ ಸದ್ದು ತಡೆಯುವ ಕೆಂಪು ಬಟ್ಟಲುಗಳು. ಅತಿಥಿಯ ಮುಖ ನೋಡದೆ ಅವರು ಹಲಗೆಯತ್ತ ನಡೆಯುತ್ತಾರೆ, ಕಾಗದ ಬಿಚ್ಚಿಕೊಂಡು ಅಷ್ಟೇ ನಿಧಾನವಾಗಿ ವಾಪಸು ಬರುತ್ತಾರೆ. ಎರಡು ತೂತುಗಳು ಒಂದಕ್ಕೊಂದು ತಾಗಿಕೊಂಡು ನಡುವಿನಲ್ಲೇ ಇವೆ. ಇನ್ನೊಂದು ಒಂಬತ್ತು ಸೆಂಟಿಮೀಟರ್ ಕೆಳಗೆ, ಎಡಕ್ಕೆ. ಪೆನ್ಸಿಲ್ ತುದಿಯನ್ನು ಅದರೊಳಗೇ ಚುಚ್ಚಿ ಹೇಳುತ್ತಾರೆ:

"ಇದು ಮೊದಲ್ನೇದು. ಇದೊಂದೇ ನಿಮ್ದು. ಉಳಿದೆರಡೂ ಕಾಗದಕ್ಕೆ."

ಪಕ್ಕದಲ್ಲಿರುವ ಬೆಟ್ಟದ ಮಾರ್ಗದರ್ಶಿ ಮಾನೋಲ್ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. ಅತಿಥಿ ಒಪ್ಪುವುದಿಲ್ಲ. ಎರಡು ಗುಂಡು ಒಂದೇ ಕಡೆ ಬಿದ್ದಿರುವಾಗ ಇನ್ನೇನು ಬೇಕು, ಈಗಲೇ ಹೊರಡೋಣವೇ ಎಂದು ಕೇಳುತ್ತಾರೆ. ಸೆವ್ದಾ ಗದ್ದವನ್ನು ಮೇಲಕ್ಕೆತ್ತಿ ನಾಲಿಗೆಯಲ್ಲಿ ಒಂದು ಸಲ ಲೊಚಗುಟ್ಟುತ್ತಾರೆ. ತಲೆ ಎತ್ತಿದ್ದನ್ನು ಒಪ್ಪಿಗೆ ಎಂದುಕೊಂಡ ಅತಿಥಿ ಚೀಲ ಹೆಗಲಿಗೇರಿಸುತ್ತಾರೆ. ಮಾನೋಲ್‌ಗೆ ನಗು ತಡೆಯುವುದಿಲ್ಲ. "ಸ್ವಾಮಿ, ನಮ್ಮ ಕಡೆ ತಲೆ ಹಾಗೆ ಎತ್ತಿದ್ರೆ ಇಲ್ಲ ಅಂತ. ಕೂತ್ಕೊಳ್ಳಿ, ಚಹಾ ಬರುತ್ತೆ. ನಳಿಗೆ ತಣ್ಣಗಾಗ್ಲಿ."

ಬೆಟ್ಟದ ಮೇಲೆ ಕಾಡುಮೇಕೆ ಯಾರಿಗೂ ಮೂರು ಅವಕಾಶ ಕೊಡುವುದಿಲ್ಲ. ನಾಲ್ಕೈದು ಗಂಟೆ ಹತ್ತಿ, ಬಂಡೆಯ ಮೇಲೆ ಬೋರಲು ಮಲಗಿ, ಕೊರೆಯುವ ಗಾಳಿಯಲ್ಲಿ ಕಾದ ಮೇಲೆ ಹಾರುವುದು ಒಂದೇ ಗುಂಡು, ಅದೂ ತಣ್ಣಗಿರುವ ನಳಿಗೆಯಿಂದ. ಆದ್ದರಿಂದ ಸೆವ್ದಾ ಲೆಕ್ಕಕ್ಕೆ ಹಿಡಿಯುವುದೂ ಅದೊಂದನ್ನೇ. ಅವರು ಸರಿ ಎನ್ನದೆ ಈ ವಸತಿಗೃಹದಿಂದ ಒಂದು ಕೋವಿಯೂ ಬೆಟ್ಟ ಹತ್ತುವುದಿಲ್ಲ. ಅವರಿಗೆ ಅಂಥ ಅಧಿಕಾರವನ್ನು ಯಾವ ಕಾಗದವೂ ಕೊಟ್ಟಿಲ್ಲ. ಕಾಗದದ ಪ್ರಕಾರ ಅವರು ಇಲ್ಲಿನ ಉಗ್ರಾಣ ನೋಡಿಕೊಳ್ಳುವವರು. ಬೀನ್ಸ್ ಬೀಜದ ಮೂಟೆ, ಚೀಸ್ ಡಬ್ಬಿ, ಹೊದಿಕೆ, ಸಾಬೂನು ಎಲ್ಲದರ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತದೆ. ತೋಟಾಗಳಿರುವ ಕಬ್ಬಿಣದ ಬೀರುವಿನದೂ ಅದೇ ಗೊಂಚಲಲ್ಲಿದೆ.

ಸೆವ್ದಾ ಹುಟ್ಟಿದ್ದು ಇದೇ ಊರಿನಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಬೆಟ್ಟ ಇಳಿದು, ಬಯಲಿನಾಚೆಯ ಪಟ್ಟಣವೊಂದರ ತೋಟಾ ಕಾರ್ಖಾನೆಗೆ ಸೇರಿದರು. ಅಲ್ಲಿ ಅವರಿಗೆ ಸಿಕ್ಕಿದ್ದು ಪರೀಕ್ಷಾ ಕೋಣೆ. ತಯಾರಾದ ಪ್ರತಿ ಕಂತಿನಿಂದ ಇಪ್ಪತ್ತು ತೋಟಾ ತೆಗೆದು, ಕಬ್ಬಿಣದ ಹಿಡಿಕೆಗೆ ಬಿಗಿದ ನಳಿಗೆಯಿಂದ ಹಾರಿಸಿ, ಕಾಗದದ ತೂತುಗಳನ್ನು ಅಳೆಯುವ ಕೆಲಸ. ಬೇಸಿಗೆಯ ಬಿಸಿ ಎಷ್ಟು, ಚಳಿಗಾಲದ ತಣ್ಣನೆ ಎಷ್ಟು, ಮದ್ದು ಹಳೆಯದಾದರೆ ಗುಂಡಿನ ವೇಗ ಎಷ್ಟು ಇಳಿಯುತ್ತದೆ, ಇದೆಲ್ಲ ಬರೆದಿಡಬೇಕು. ಹದಿನಾರು ವರ್ಷ ಅದನ್ನೇ ಮಾಡಿದರು. ಆ ವಿಭಾಗಕ್ಕೆ ಬಾಗಿಲು ಹಾಕಿದಾಗ, ಕಾರ್ಖಾನೆಯವರು ಬೀಳ್ಕೊಡುಗೆಯೆಂದು ಕೊಟ್ಟ ಪಿಂಗಾಣಿ ಬಟ್ಟಲುಗಳ ಜೊತೆಗೆ, ಕೋಟಿನ ಜೇಬಿನಲ್ಲಿ ತೂತು ಅಳೆಯುವ ಹಿತ್ತಾಳೆಯ ಅಳತೆಗೋಲೂ ಊರಿಗೆ ಬಂತು.

"ಕದ್ದೆ ಅಂತ ಬರೀಬೇಡಿ," ಎನ್ನುತ್ತಾರೆ ಸೆವ್ದಾ. "ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಊರಿಗೆ ಬಂದು ಬೊಯ್ಕೋ ಎಂಬ ಬೆಟ್ಟದ ಮಾರ್ಗದರ್ಶಿಯನ್ನು ಮದುವೆಯಾದರು. ಆತನ ಹಿಂದೆಯೇ ವಸತಿಗೃಹದ ಅಡುಗೆಮನೆಗೆ ಆಲೂಗೆಡ್ಡೆ ಸುಲಿಯುವ ಕೆಲಸಕ್ಕೆ ಸೇರಿದರು. ಹಿತ್ತಲಲ್ಲಿ ಅತಿಥಿಗಳು ಗುಂಡು ಹಾರಿಸಿ ಪರೀಕ್ಷಿಸುವಾಗ ಸದ್ದು ಕೇಳಿಸಿಕೊಂಡೇ, "ಈ ಸಲ ಮದ್ದು ಕಡಿಮೆ ಇತ್ತು" ಎಂದು ಚೂರಿ ಕೆಳಗಿಡದೆ ಹೇಳುತ್ತಿದ್ದರಂತೆ. ಆಗಿನ ಮೇಲ್ವಿಚಾರಕರು ಎರಡು ಸಲ ಕೇಳಿಸಿಕೊಂಡು, ಮೂರನೆಯ ಸಲ ಅವರನ್ನು ಅಡುಗೆಮನೆಯಿಂದ ಹೊರಗೆ ಕರೆದು ಮೇಜಿನ ಹಿಂದೆ ನಿಲ್ಲಿಸಿದರು. ಅದಾಗಿ ಹದಿನೇಳು ವರ್ಷ.

ಒಂದು ಹಂಗಾಮಿಗೆ ಎಪ್ಪತ್ತರಷ್ಟು ಕೋವಿಗಳು ಅವರ ಕೈಗೆ ಬರುತ್ತವೆ. ವಿಮಾನದಲ್ಲಿ ಎತ್ತಿ ಎಸೆಯಲ್ಪಟ್ಟ ಪೆಟ್ಟಿಗೆಗಳಿಂದ ಹೊರಬಂದಂಥವು: ಗುರಿ ನೋಡುವ ದುರ್ಬೀನಿನ ತಿರುಪು ಸಡಿಲವಾದದ್ದು, ಮರದ ಹಿಡಿ ತೇವಕ್ಕೆ ಉಬ್ಬಿ ನಳಿಗೆಗೆ ಒತ್ತುತ್ತಿರುವುದು, ಎಣ್ಣೆ ಹೆಚ್ಚಾಗಿ ಚಳಿಗೆ ಕಟ್ಟಿಕೊಂಡದ್ದು. ಹತ್ತಕ್ಕೆ ನಾಲ್ಕು ಮೊದಲ ದಿನ ಸರಿಯಾಗಿ ಹೊಡೆಯುವುದಿಲ್ಲ ಎಂಬುದು ಅವರ ಲೆಕ್ಕ. ಒಂದು ಕೋವಿಗೆ ಕಡಿಮೆಯೆಂದರೂ ನಾಲ್ಕು ಸಲ ಹಲಗೆಯ ತನಕ ಹೋಗಿ ಬರುತ್ತಾರೆ. ನಾಲ್ವರು ಅತಿಥಿಗಳು ಬಂದ ದಿನ ಮೂರು ಕಿಲೋಮೀಟರಿಗೂ ಹೆಚ್ಚು ನಡಿಗೆ. ಮೇಜಿನ ಪಕ್ಕದಲ್ಲೇ ಮುಕ್ಕಾಲಿಯ ಮೇಲೆ ದೊಡ್ಡ ದುರ್ಬೀನು ಇದೆಯಲ್ಲ, ಕೂತಲ್ಲೇ ನೋಡಬಾರದೇ ಎಂದರೆ, "ಅದ್ರಲ್ಲಿ ಎಲ್ಲಿ ಬಿತ್ತು ಅಂತ ಕಾಣುತ್ತೆ. ಹೇಗೆ ಬಿತ್ತು ಅಂತ ಕಾಣಲ್ಲ" ಎನ್ನುತ್ತಾರೆ.

ತಣ್ಣನೆಯ ನಳಿಗೆಯ ನಿಯಮ ಮೊದಲಿನಿಂದ ಇದ್ದದ್ದಲ್ಲ. ಹನ್ನೊಂದು ವರ್ಷದ ಹಿಂದಿನ ಒಂದು ಮಧ್ಯಾಹ್ನ, ಅತಿಥಿಯೊಬ್ಬರು ಬಿಸಿಲಿನಲ್ಲಿ ಆರೇಳು ಗುಂಡು ಹಾರಿಸಿದರು. ಕೊನೆಯ ಮೂರು ಚೆನ್ನಾಗಿ ಬಿದ್ದವು. ಸೆವ್ದಾ ಸರಿ ಎಂದರು. ಮರುದಿನ ಬೆಳಿಗ್ಗೆ ಹಿಮಗಾಳಿಯಲ್ಲಿ ಅದೇ ಕೋವಿಯ ಮೊದಲ ಗುಂಡು ಕಾಡುಮೇಕೆಯ ಎದೆಗೆ ಬೀಳದೆ ಹೊಟ್ಟೆಗೆ ಬಿತ್ತು. ಪ್ರಾಣಿ ಬಂಡೆಗಳ ನಡುವೆ ಇಳಿದು ಹೋಯಿತು. ಅದರ ಹಿಂದೆ ಇಳಿದವರು ಬೊಯ್ಕೋ. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಹದಿನೈದು ಮೀಟರ್ ಉರುಳಿದರು. ಸೊಂಟದ ಮೂಳೆ ಮೂರು ಕಡೆ ಮುರಿಯಿತು. ಪ್ರಾಣಿ ಸಿಗಲೇ ಇಲ್ಲ.

"ಆಸ್ಪತ್ರೆಲಿ ಇವರು ನನ್ನ ಒಂದು ಮಾತೂ ಬೈಲಿಲ್ಲ," ಎನ್ನುತ್ತಾರೆ ಸೆವ್ದಾ. "ಬೈದಿದ್ರೆ ಚೆನ್ನಾಗಿರ್ತಿತ್ತು. ಒಂದ್ ವಾರ ಆದ್ಮೇಲೆ ಕೇಳಿದ್ರು, 'ಆ ಮೇಕೆ ಸಿಕ್ತಾ?' ಅಂತ. ಇಲ್ಲ ಅಂದೆ. ಗೋಡೆ ಕಡೆ ಮುಖ ತಿರುಗಿಸಿದ್ರು. ಅವತ್ತೇ ನಾನು ಮನಸ್ಸಲ್ಲಿ ಅಂದ್ಕೊಂಡೆ, ಇನ್ಮೇಲೆ ಮಧ್ಯಾಹ್ನದ ಗುಂಡು ನಂಬಲ್ಲ."

ಬೊಯ್ಕೋ ಈಗ ಬೆಟ್ಟ ಹತ್ತುವುದಿಲ್ಲ. ಗುರಿಹಲಗೆಗಳನ್ನು ಕೊಯ್ದು ಕೊಡುತ್ತಾರೆ, ಕೋವಿಯ ಕೆಳಗಿಡುವ ಮರಳುಚೀಲಗಳನ್ನು ಹೊಲಿಯುತ್ತಾರೆ. ಹೆಂಡತಿಯ ಬಗ್ಗೆ ಕೇಳಿದರೆ, "ಮನೇಲಿ ಉಪ್ಪು ಜಾಸ್ತಿ ಆಯ್ತು ಅಂದ್ರೂ ಅಳೆದು ತೋರ್ಸು ಅಂತಾಳೆ" ಎಂದು ನಗುತ್ತಾರೆ.

ಕಳೆದ ಅಕ್ಟೋಬರಿನಲ್ಲಿ ನಡೆದ ಒಂದು ಸಂಗತಿಯನ್ನು ಈ ಕಣಿವೆಯಲ್ಲಿ ಇಂದಿಗೂ ಚಹಾ ಕುಡಿಯುವಾಗ ಹೇಳಿಕೊಳ್ಳುತ್ತಾರೆ. ಸೆವ್ದಾ ಮಾತ್ರ ತಾವಾಗಿ ಹೇಳುವುದಿಲ್ಲ. ಬಿಡಿಸಿ ಬಿಡಿಸಿ ಹೇಳುವವರು ಮಾನೋಲ್.

ಡೆನ್ಮಾರ್ಕಿನಿಂದ ಅಸ್ಗರ್ ವಿಂಥರ್ ಎಂಬ ಎಪ್ಪತ್ತೆರಡರ ಹಿರಿಯರು ಒಬ್ಬರೇ ಬಂದಿದ್ದರು. ಇಡೀ ಜೀವಮಾನ ದೋಣಿ ನಡೆಸಿ ನಿವೃತ್ತರಾದವರು. ಅವರ ಕೋವಿ ಮೊದಲ ಸಂಬಳದಲ್ಲಿ ಕೊಂಡದ್ದು, ಹಿಡಿಯ ಮರ ಕೈಯುಜ್ಜಿ ಉಜ್ಜಿ ಕಪ್ಪಗಾಗಿತ್ತು. ಬೆಳಿಗ್ಗೆ ಮೇಜಿಗೆ ಕೂತು ಐದು ಗುಂಡು ಹಾರಿಸಿದರು. ಐದೂ ಐದು ಕಡೆ. ಒಂದು ಕಾಗದದ ಅಂಚಿಗೆ, ಒಂದು ಮೇಲಕ್ಕೆ, ಒಂದು ಕಾಗದವನ್ನೇ ಬಿಟ್ಟು ಮಣ್ಣಿಗೆ. ಮುದುಕರು ಕೋವಿ ಕೆಳಗಿಟ್ಟು ತಮ್ಮ ಬಲಗೈಯನ್ನು ನೋಡಿಕೊಂಡರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ನನಗೆ ಗೊತ್ತಿತ್ತು," ಎಂದರಂತೆ ಮಾನೋಲ್‌ಗೆ. "ವಸಂತದಲ್ಲೇ ನಮ್ಮೂರಲ್ಲಿ ಅರವತ್ತು ಮೀಟರಿಂದ ಒಂದು ಜಿಂಕೆ ತಪ್ಪಿತು. ಕೋವಿ ಮಾರಿಬಿಡು ಅಂತ ಮಗಳಿಗೆ ಹೇಳಿಯೂ ಆಗಿದೆ. ಒಂದು ಸಲ ಬೆಟ್ಟ ನೋಡಿ ನಿಲ್ಲಿಸೋಣ ಅಂತ ಬಂದೆ."

ಇದನ್ನು ಹಿಂಬಾಗಿಲಲ್ಲಿ ನಿಂತು ಕೇಳಿಸಿಕೊಂಡವರು ಕ್ರೂಮ್, ವಸತಿಗೃಹದ ಈಗಿನ ಮೇಲ್ವಿಚಾರಕರು. ನಲವತ್ತು ದಾಟದ ಚುರುಕಿನ ಮನುಷ್ಯ, ಕೆಟ್ಟವರಲ್ಲ. ಆದರೆ ಅವರ ಕಣ್ಣು ಆ ಹೊತ್ತಿಗೆ ಆಕಾಶದ ಮೇಲಿತ್ತು. ಮರುದಿನ ಮಧ್ಯಾಹ್ನದ ಮೇಲೆ ಮಂಜು ಕವಿಯುತ್ತದೆ, ಮೂರು ದಿನ ಏಳುವುದಿಲ್ಲ ಎಂದು ಹವಾಮಾನದವರು ಹೇಳಿದ್ದರು. ಅವರು ಸೆವ್ದಾರನ್ನು ಉಗ್ರಾಣದ ಹತ್ತಿರ ಕರೆದು ಮೆಲ್ಲಗೆ ಹೇಳಿದರು:

"ಸೆವ್ದಕ್ಕ, ಅಜ್ಜನ ಕೈಲಿ ಆಗಲ್ಲ ಬಿಡಿ. ನಾಳೆ ಬೆಳಿಗ್ಗೆ ಬೇಗ ಹೊರಡ್ಲಿ. ಅವರು ಕೋವಿ ಕುದುರೆ ಒತ್ತೋವಾಗ್ಲೇ ಪಕ್ಕದಿಂದ ಮಾನೋಲೂ ಹಾರಿಸ್ತಾನೆ. ಎರಡೂ ಸದ್ದು ಒಂದೇ ಸಲ. ಮೇಕೆ ಬೀಳುತ್ತೆ, ಅಜ್ಜನಿಗೆ ಖುಷಿ, ನಮಗೂ ಹೆಸರು."

"ಅಜ್ಜನಿಗೆ ಗೊತ್ತಾಗಲ್ವಾ?"

"ಹೇಗೆ ಗೊತ್ತಾಗುತ್ತೆ?"

"ಐವತ್ತು ವರ್ಷ ಕೋವಿ ಹಿಡಿದವರಪ್ಪ ಅವರು. ಗೊತ್ತಾದ್ರೂ ನಿನ್ನ ಮರ್ಯಾದೆಗೋಸ್ಕರ ಗೊತ್ತಾಗ್ಲಿಲ್ಲ ಅಂತ ನಟಿಸ್ತಾರೆ. ಕೊನೇ ಬೇಟೇಲಿ ಅವರ ಕೈಲಿ ನಾಟಕ ಆಡಿಸ್ತೀಯಾ?"

"ಮತ್ತೆ ಏನ್ ಮಾಡೋಣ? ನೀವೇ ನೋಡಿದ್ರಲ್ಲ, ಕೈ ನಡುಗುತ್ತೆ!"

"ಕೈ ನಡುಗೋದು ನೋಡ್ದೆ. ಕಾಗದ ಇನ್ನೂ ನೋಡಿಲ್ಲ," ಎಂದು ಸೆವ್ದಾ ಹಲಗೆಯ ಕಡೆಗೆ ಹೊರಟರು.

ಹಲಗೆಯ ಹತ್ತಿರ ಅವರು ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಕನ್ನಡಕ ಒರೆಸಿಕೊಂಡರು. ಜೇಬಿನಿಂದ ಹಿತ್ತಾಳೆಯ ಅಳತೆಗೋಲು ತೆಗೆದು ಒಂದು ತೂತಿಗೆ ಹಿಡಿದರು, ಇನ್ನೊಂದಕ್ಕೆ ಹಿಡಿದರು. ಕಾಗದದ ಮೇಲಿದ್ದ ನಾಲ್ಕು ತೂತುಗಳಲ್ಲಿ ಒಂದೂ ದುಂಡಗಿರಲಿಲ್ಲ. ಎರಡು ಮೊಟ್ಟೆಯಂತೆ ಉದ್ದ, ಒಂದಂತೂ ಗುಂಡಿನ ಪಕ್ಕೆಯ ಅಚ್ಚೇ ಮೂಡಿದಂತೆ ಸೀಳಿತ್ತು. ಗುಂಡುಗಳು ಮೂತಿ ಮುಂದಾಗಿ ಬಂದಿರಲಿಲ್ಲ. ಗಾಳಿಯಲ್ಲಿ ಓಲಾಡಿಕೊಂಡು, ಅಡ್ಡಡ್ಡ ಬಂದು ಬಿದ್ದಿದ್ದವು.

"ಅಷ್ಟು ದೂರದಿಂದ ಕೂಗಿದ್ಲು ನೋಡಿ," ಎನ್ನುತ್ತಾರೆ ಮಾನೋಲ್. "'ಮಾನೋಲೂ, ಅವರ ತೋಟಾ ಡಬ್ಬಿ ತಗೊಂಡ್ ಬಾರೋ!' ಅಂತ. ನಮ್ಮಕ್ಕ ಕೂಗಿದ್ದು ನಾನು ಅದೇ ಮೊದಲು ಕೇಳಿದ್ದು."

ಡಬ್ಬಿಯಲ್ಲಿ ಇದ್ದದ್ದು ಹೊಳೆಯುವ ತಾಮ್ರದ ಗುಂಡುಗಳ ತೋಟಾ. ಅಸ್ಗರ್ ಅವರ ದೇಶದಲ್ಲಿ ಸೀಸದ ಗುಂಡು ನಿಂತುಹೋಗಿದೆ. ಊರಿನ ಅಂಗಡಿಯವನು ಹೊಸದಾಗಿ ಬಂದಿದೆ, ಭಾರದ್ದು, ದೂರಕ್ಕೆ ಒಳ್ಳೆಯದು ಎಂದು ಇದನ್ನು ಕೊಟ್ಟಿದ್ದ. ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕ ಬರಬೇಕಾದರೆ ಗುಂಡು ಉದ್ದವಾಗಲೇಬೇಕು. ಸೆವ್ದಾ ತಮ್ಮ ಬೀರುವಿನಿಂದ ಅದೇ ಅಳತೆಯ ಕೋವಿಯ ಹಳೆಯ ಬಗೆಯ ತೋಟಾ ಒಂದನ್ನು ತಂದರು. ಎರಡರಿಂದಲೂ ಇಕ್ಕಳದಲ್ಲಿ ಗುಂಡು ಕಿತ್ತು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸಿದರು. ಒಂದು ಗಿಡ್ಡ, ಒಂದು ಸೊರಗಿದ ಉದ್ದ.

ಆಮೇಲೆ ನಳಿಗೆ ಒರೆಸುವ ಉದ್ದನೆಯ ಸಲಾಕೆಗೆ ಬಿಗಿಯಾಗಿ ಬಟ್ಟೆ ಸುತ್ತಿ, ನಳಿಗೆಯೊಳಗೆ ಮೆಲ್ಲಗೆ ತೂರಿದರು. ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳಿರುತ್ತವೆ. ಗುಂಡನ್ನು ತಿರುಗಿಸುವುದೇ ಅವು. ಸಲಾಕೆಯೂ ಆ ಗೆರೆ ಹಿಡಿದು ತಿರುಗುತ್ತಾ ಹೋಯಿತು. ಒಂದು ಪೂರ್ತಿ ಸುತ್ತು ಮುಗಿಯುವ ಹೊತ್ತಿಗೆ ಮೂವತ್ತು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಒಳಗೆ ಹೋಗಿತ್ತು.

"ಯಜಮಾನ್ರೇ," ಎಂದರು ಸೆವ್ದಾ, ಮಾನೋಲ್ ಭಾಷಾಂತರಿಸುವಂತೆ ನಿಧಾನವಾಗಿ. "ಚಿಕ್ಕೋರಿದ್ದಾಗ ಬುಗುರಿ ಆಡಿಸಿದ್ದೀರಲ್ಲ? ಗಿಡ್ಡ ಬುಗುರಿ ಮೆಲ್ಲಗೆ ತಿರುಗಿದ್ರೂ ನಿಲ್ಲುತ್ತೆ. ಉದ್ದ ಬುಗುರಿಗೆ ಜೋರಾಗಿ ತಿರುಗಬೇಕು, ಇಲ್ದಿದ್ರೆ ತೂರಾಡಿ ಬೀಳುತ್ತೆ. ನಿಮ್ಮ ಕೋವಿ ಹಳೇ ಕಾಲದ್ದು, ಮೆಲ್ಲಗೆ ತಿರುಗಿಸುತ್ತೆ. ಈ ಉದ್ದ ಗುಂಡಿಗೆ ಅದು ಸಾಲಲ್ಲ. ವಸಂತದಲ್ಲಿ ಜಿಂಕೆಗೂ ಇದೇ ತೋಟಾ ಹಾಕಿದ್ರಾ?"

ಹೌದು ಎಂದರು ಅಸ್ಗರ್.

"ಹಾಗಾದ್ರೆ ಅದೂ ನಿಮ್ಮ ಕೈ ತಪ್ಪಲ್ಲ."

ಮಾನೋಲ್ ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದರು. ಮುದುಕರು ಮೇಜಿನ ಮೇಲಿದ್ದ ಉದ್ದದ ಗುಂಡನ್ನು ಎತ್ತಿಕೊಂಡು ಬೆರಳುಗಳ ನಡುವೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೆಮ್ಮಿದರು. ಆ ಕೆಮ್ಮು ಬೇಕಂತಲೇ ಕೆಮ್ಮಿದ್ದು ಎನ್ನುತ್ತಾರೆ ಮಾನೋಲ್.

ಅರ್ಧ ಕೆಲಸ ಮಾತ್ರ ಆಗಿತ್ತು. ನಳಿಗೆಯೊಳಗೆ ತಾಮ್ರ ಮೆತ್ತಿಕೊಂಡಿತ್ತು. ಸೆವ್ದಾ ಮಧ್ಯಾಹ್ನವಿಡೀ ಕೂತು ಬಟ್ಟೆಯ ಮೇಲೆ ತಾಮ್ರದ ನೀಲಿ ಕಲೆ ಬರುವುದು ನಿಲ್ಲುವ ತನಕ ಒರೆಸಿದರು. ಒರೆಸಿ ಎಣ್ಣೆ ಹಿಡಿದ ನಳಿಗೆಯ ಮೊದಲ ಒಂದೆರಡು ಗುಂಡು ಎಲ್ಲೆಲ್ಲೋ ಹೋಗುತ್ತವೆ. ಅವನ್ನು ಸುಮ್ಮನೆ ಮಣ್ಣಿಗೆ ಹಾರಿಸಿ ಕಳೆದರು. ಸಂಜೆ ಹತ್ತು ಹತ್ತು ನಿಮಿಷ ಬಿಟ್ಟು, ಗಿಡ್ಡ ಗುಂಡಿನಲ್ಲಿ ಅಸ್ಗರ್ ಮೂರು ಸಲ ಹೊಡೆದರು. ಮೂರೂ ಒಂದು ಬೆಂಕಿಪೊಟ್ಟಣದಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು. ನಡುಗುವ ಕೈ ನಡುಗುತ್ತಲೇ ಇತ್ತು. ಆದರೆ ಕೋವಿಯನ್ನು ಮರಳುಚೀಲಕ್ಕೆ ಒರಗಿಸಿ ಉಸಿರು ಬಿಟ್ಟ ಮೇಲೆ, ಕುದುರೆ ಒತ್ತುವ ಆ ಒಂದು ಗಳಿಗೆ ಅದು ತಾನಾಗಿ ನಿಲ್ಲುತ್ತಿತ್ತು. ಐವತ್ತು ವರ್ಷದ ಅಭ್ಯಾಸ ಅದು. ದುರ್ಬೀನಿನ ತಿರುಪುಗಳನ್ನು ತಿರುಗಿಸಿ, ಗುಂಡು ನಡುವಿಗಿಂತ ಮೂರು ಸೆಂಟಿಮೀಟರ್ ಮೇಲೆ ಬೀಳುವ ಹಾಗೆ ಸೆವ್ದಾ ಹೊಂದಿಸಿದರು. ನೂರು ಮೀಟರಿನಲ್ಲಿ ಅಷ್ಟು ಮೇಲಿದ್ದರೆ ಇನ್ನೂರಕ್ಕೆ ಹೆಚ್ಚುಕಡಿಮೆ ನಡುವಿಗೇ ಬರುತ್ತದೆ.

ಕ್ರೂಮ್‌ಗೆ ನಿರಾಳವಾಯಿತು. "ಸರಿ ಹಾಗಾದ್ರೆ! ನಾಳೆ ನಾಲ್ಕೂವರೆಗೆ ಹೊರಡ್ಲಿ. ಮಂಜು ಬರೋದ್ರೊಳಗೆ ಮೇಲಿರ್ತಾರೆ."

ಸೆವ್ದಾ ಗದ್ದ ಎತ್ತಿ ಲೊಚಗುಟ್ಟಿದರು. "ಬೆಳಿಗ್ಗೆ ಒಂದು ಗುಂಡು ನೋಡ್ಬೇಕು. ಬೆಳಕು ಹರೀಲಿ."

"ಮೂರೂ ಒಂದೇ ಕಡೆ ಬಿತ್ತಲ್ಲಾ ಅಕ್ಕ!"

"ಸಂಜೆ ಬಿತ್ತು. ಬಿಸಿ ನಳಿಗೇಲಿ ಬಿತ್ತು. ಕೋವಿ ವರಾಂಡದಲ್ಲೇ ಚಳೀಲಿ ಇರುತ್ತೆ, ಬೀಗ ನನ್ ಹತ್ರ. ಬೆಳಿಗ್ಗೆ ತೆಗೆದು ಒಂದೇ ಒಂದು."

"ಎರಡೂವರೆ ಗಂಟೆ ಹಾಳು. ಅಷ್ಟರಲ್ಲಿ ಮಂಜು ಮುಚ್ಚಿದ್ರೆ? ಅಜ್ಜ ಬರಿಗೈಲಿ ಹೋದ್ರೆ ನೀವು ಜವಾಬ್ದಾರೀನಾ?"

"ಬರಿಗೈಲಿ ಹೋದ್ರೆ ನಾನೇ ಜವಾಬ್ದಾರಿ. ಹೊಟ್ಟೆಗೆ ಗುಂಡು ತಗೊಂಡು ಮೇಕೆ ಹೋದ್ರೆ ಯಾರು ಜವಾಬ್ದಾರಿ? ನೀನು ಹೇಳು."

ಮಾನೋಲ್ ಈ ಜಗಳವನ್ನು ಒಂದಕ್ಷರ ಬಿಡದೆ ಅಸ್ಗರ್‌ಗೆ ಹೇಳಿದರು. ಹಿರಿಯರು ಆಲೂಗೆಡ್ಡೆ ತುರಿದು ಬೇಯಿಸಿದ ಪಟಾಟ್ನಿಕ್ ತಿನ್ನುತ್ತಿದ್ದವರು ಫೋರ್ಕ್ ಕೆಳಗಿಟ್ಟು, "ನನ್ನ ಕೈ ನನಗೆ ವಾಪಸ್ ಕೊಟ್ಟವರು ಅವರು. ಅವರು ಹೇಳಿದ ಹೊತ್ತಿಗೇ ಹೊರಡೋಣ" ಎಂದರು.

ಬೆಳಿಗ್ಗೆ ಆರೂವರೆಗೆ, ಮೈನಸ್ ನಾಲ್ಕರ ಚಳಿಯಲ್ಲಿ, ಒಂದು ಗುಂಡು. ಸೆವ್ದಾ ನಡೆದು ಹೋದರು. ತೂತು ದುಂಡಗಿತ್ತು, ನಡುವಿಗಿಂತ ಮೂರು ಸೆಂಟಿಮೀಟರ್ ಮೇಲೆ, ಕೂದಲೆಳೆಯಷ್ಟು ಬಲಕ್ಕೆ. ಅಲ್ಲಿಂದಲೇ ಕೈ ಬೀಸಿದರು. ಏಳು ಗಂಟೆಗೆ ಮಾನೋಲ್, ಅಸ್ಗರ್ ಇಬ್ಬರೂ ಬೆಟ್ಟ ಹತ್ತಲು ಹೊರಟರು.

ಹನ್ನೊಂದಕ್ಕೇ ಮಂಜು ಬಂತು. ಹವಾಮಾನದವರು ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ. ನಾಲ್ಕೂವರೆಗೆ ಹೊರಟಿದ್ದರೆ ಎರಡು ಗಂಟೆ ಬೆಟ್ಟದ ನೆತ್ತಿ ಸ್ವಚ್ಛವಾಗಿ ಕಾಣುತ್ತಿತ್ತು. ಇದನ್ನು ಕ್ರೂಮ್ ಲೆಕ್ಕ ಹಾಕಿ ಹೇಳಿದರು. ಆ ದಿನ ಹೇಳಿದರು, ಮರುದಿನವೂ ಹೇಳಿದರು. ಮೇಲೆ ಮಾನೋಲ್ ಮತ್ತು ಅಸ್ಗರ್ ಕುರುಬರ ಗುಡಿಸಿಲಲ್ಲಿ ಒಲೆಯ ಮುಂದೆ ಕೂತು, ಬೀನ್ಸ್ ಬೇಯಿಸಿ ತಿಂದು, ಹೊರಗೆ ಕೈಯಳತೆಯಾಚೆ ಏನೂ ಕಾಣದ ಬಿಳುಪನ್ನು ನೋಡುತ್ತಿದ್ದರು. ಕೆಳಗೆ ಸೆವ್ದಾ ಹೊದಿಕೆ ಎಣಿಸಿದರು, ಚೀಸ್ ಡಬ್ಬಿ ಒರೆಸಿದರು, ಉಗ್ರಾಣದ ಕಿಟಕಿಯಿಂದ ಮತ್ತೆ ಮತ್ತೆ ಮೇಲಕ್ಕೆ ನೋಡಿದರು.

"ಹೆದರಿಕೆ ಆಗಿತ್ತಾ?" ಎಂದು ಕೇಳಿದರೆ, "ಆಗದೆ ಏನು?" ಎನ್ನುತ್ತಾರೆ. "ನಾನು ಮಾಡಿದ್ದು ಸರಿ ಅನ್ನೋದ್ರಲ್ಲಿ ಅನುಮಾನ ಇರ್ಲಿಲ್ಲ. ಆದ್ರೆ ಆ ಅಜ್ಜ ಅಷ್ಟು ದೂರದಿಂದ ಬಂದಿದ್ರಲ್ಲ."

ಮೂರನೆಯ ದಿನ ಹತ್ತೂಕಾಲಿಗೆ ಗಾಳಿ ತಿರುಗಿತು. ಮಂಜು ಬಟ್ಟೆ ಸರಿಸಿದಂತೆ ಒಂದು ಕಡೆಯಿಂದ ಸರಿಯಿತು. ಎದುರಿಗೆ, ಬಹಳ ಕೆಳಗಿನ ಬಂಡೆಯ ಅಂಚಿನಲ್ಲಿ ಒಂಟಿ ಮುದಿ ಗಂಡು ಕಾಡುಮೇಕೆ ನಿಂತಿತ್ತು. ಮಂಜಿನಲ್ಲಿ ಅದೂ ಅವರಷ್ಟೇ ಹೊತ್ತು ಕಾದಿತ್ತೇನೋ. ದೂರ ಇನ್ನೂರ ಹದಿನೈದು ಮೀಟರ್, ಕಡಿದಾದ ಇಳಿಜಾರು. ಹಾಗೆ ಕೆಳಕ್ಕೆ ಹೊಡೆಯುವಾಗ ಗುಂಡು ಎಣಿಸಿದ್ದಕ್ಕಿಂತ ಮೇಲಕ್ಕೆ ಹೋಗುತ್ತದೆ. ಸೆವ್ದಾ ಕೋವಿಯ ಹಿಡಿಗೆ ಅಂಟಿಸಿದ್ದ ಪಟ್ಟಿಯಲ್ಲಿ ಅದನ್ನೂ ಬರೆದಿದ್ದರು. ಮಾನೋಲ್ ಓದಿ ಹೇಳಿದರು: "ದೂರ ನೂರ ಎಂಬತ್ತು ಅಂದ್ಕೊಳ್ಳಿ." ಅಸ್ಗರ್ ಚೀಲವನ್ನು ಬಂಡೆಯ ಮೇಲಿಟ್ಟು, ಅದರ ಮೇಲೆ ಕೋವಿ ಇಟ್ಟು, ಮಲಗಿದರು. ಮಾನೋಲ್ ತಮ್ಮ ಕೋವಿಯನ್ನು ಹೆಗಲಿಂದ ಇಳಿಸಲಿಲ್ಲ.

"ಮಂಜು ಮತ್ತೆ ಬರ್ತಾ ಇತ್ತು. ನನಗೆ ಕಿರುಚಬೇಕು ಅನ್ನಿಸ್ತಿತ್ತು, ಹೊಡೀರಿ ಹೊಡೀರಿ ಅಂತ," ಎನ್ನುತ್ತಾರೆ ಅವರು. "ಅಜ್ಜ ಅವಸರ ಮಾಡ್ಲೇ ಇಲ್ಲ. ಉಸಿರು ಬಿಟ್ರು. ಕೈ ನಡುಕ ನಿಂತೋಯ್ತು. ಅಷ್ಟೇ. ಮೇಕೆ ಒಂದು ಹೆಜ್ಜೇನೂ ಇಡ್ಲಿಲ್ಲ, ನಿಂತಲ್ಲೇ ಕುಸೀತು. ಸದ್ದು ಕೇಳೋ ಮುಂಚೆ ಪ್ರಾಣ ಹೋಯ್ತು ಅನ್ಸುತ್ತೆ."

ಕೆಳಗೆ ಅಡುಗೆಮನೆಯ ಗೋಡೆಯ ಮೇಲಿದ್ದ ವೈರ್‌ಲೆಸ್ ಗೊರಗುಟ್ಟಿತು. ಎತ್ತಿಕೊಂಡವರು ಸೆವ್ದಾ. ಅವರು ಬಿತ್ತೇ ಎಂದು ಕೇಳಲಿಲ್ಲ, ಕೊಂಬು ಎಷ್ಟು ಉದ್ದ ಎಂದೂ ಕೇಳಲಿಲ್ಲ.

"ಎಷ್ಟು ಗುಂಡು?" ಎಂದರು.

"ಒಂದು," ಎಂದರು ಮಾನೋಲ್.

ಸೆವ್ದಾ ವೈರ್‌ಲೆಸ್ ಕ್ರೂಮ್ ಕೈಗೆ ಕೊಟ್ಟು, ಒಲೆಯ ಮೇಲಿನ ಬೀನ್ಸ್ ಸಾರಿಗೆ ಉಪ್ಪು ಹಾಕಲು ಹೋದರು. ಕ್ರೂಮ್ ಕ್ಷಮೆ ಕೇಳಿದರೆಂದು ಯಾರೂ ಹೇಳುವುದಿಲ್ಲ. ಆದರೆ ಆ ಚಳಿಗಾಲದಿಂದ ಅತಿಥಿಗಳಿಗೆ ಹೋಗುವ ಪತ್ರದಲ್ಲಿ ಒಂದು ಸಾಲು ಸೇರಿದೆ: ಒಂದು ದಿನ ಮುಂಚಿತವಾಗಿ ಬರತಕ್ಕದ್ದು, ಮೊದಲ ಬೆಳಗು ಗುರಿ ಪರೀಕ್ಷೆಗೆ ಮೀಸಲು. ಆ ಸಾಲನ್ನು ಬರೆದವರು ಕ್ರೂಮ್ ಅವರೇ. ಪಕ್ಕದಿಂದ ಮಾನೋಲ್ ಕೋವಿ ಹಾರಿಸುವ ಮಾತು ಆಮೇಲೆ ಯಾವ ಅತಿಥಿಯ ವಿಷಯದಲ್ಲೂ ಬಂದಿಲ್ಲ.

ಅಸ್ಗರ್ ಹೊರಡುವ ದಿನ ಸೆವ್ದಾರ ಕೈಯನ್ನು ತಮ್ಮೆರಡೂ ಕೈಗಳಲ್ಲಿ ಹಿಡಿದುಕೊಂಡು ಒಂದು ಮಾತು ಹೇಳಿದರು. ಅದನ್ನು ನೆನೆದರೆ ಸೆವ್ದಾರಿಗೆ ಈಗಲೂ ನಗು ಬರುತ್ತದೆ. "ನನ್ನ ಸ್ನೇಹಿತರು ಇಬ್ಬರು ವಯಸ್ಸಾಯ್ತು ಅಂತ ಹೋದ ವರ್ಷವೇ ಬೇಟೆ ಬಿಟ್ಟರು. ಊರಿಗೆ ಹೋದ ತಕ್ಷಣ ಅವರ ತೋಟಾ ಡಬ್ಬಿ ತೆಗೆಸಿ ನೋಡ್ತೀನಿ."

ಈ ಹಂಗಾಮು ಅರ್ಧ ಮುಗಿದಿದೆ. ಮುಂಜಾನೆಯ ಆ ಅತಿಥಿಯ ಕೋವಿಯಲ್ಲಿ ದೋಷ ಇದ್ದದ್ದು ಮರದ ಹಿಡಿಯಲ್ಲಿ. ಮಳೆಗೆ ನೆನೆದು ಉಬ್ಬಿ, ನಳಿಗೆಯ ಒಂದು ಪಕ್ಕಕ್ಕೆ ಒತ್ತುತ್ತಿತ್ತು. ನಳಿಗೆ ಕಾದ ಮೇಲೆ ಒತ್ತಡ ಬದಲಾಗಿ ಗುಂಡು ನೆಟ್ಟಗಾಗುತ್ತಿತ್ತು. ಬೊಯ್ಕೋ ಅದನ್ನು ಉಳಿಯಿಂದ ಕೂದಲಷ್ಟು ಕೆತ್ತಿ, ಉಪ್ಪುಕಾಗದದಲ್ಲಿ ಉಜ್ಜಿ, ಎಣ್ಣೆ ಹಚ್ಚಿ ಒಣಗಲು ಇಟ್ಟಿದ್ದಾರೆ. ಅತಿಥಿ ಮುಖ ಊದಿಸಿಕೊಂಡೇ ಎರಡನೆಯ ಲೋಟ ಬೆಟ್ಟದ ಚಹಾ ಕುಡಿಯುತ್ತಿದ್ದಾರೆ. ನಾಳೆ ಬೆಳಿಗ್ಗೆ ಮತ್ತೆ ಒಂದು ಗುಂಡು.

ಇಷ್ಟು ವರ್ಷದಲ್ಲಿ ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ ಒಂದೂ ಇಲ್ಲವೇ ಎಂದು ಕೇಳಿದರೆ ಸೆವ್ದಾ ಸುಳ್ಳು ಹೇಳುವುದಿಲ್ಲ. "ಆ ನಿಯಮ ಮಾಡಿದ್ಮೇಲೆ ಎರಡು. ಒಂದ್ಸಲ ಗಾಳಿ, ಒಂದ್ಸಲ ಹೊಡೆದವರ ಅವಸರ. ಕೋವಿ ತಪ್ಪಲ್ಲ. ಆದ್ರೂ ಎರಡು ಎರಡೇ." ಆ ಎರಡನ್ನೂ ಹುಡುಕಿಸಿದರು. ರಕ್ತದ ಜಾಡು ಹಿಡಿಯಲೆಂದೇ ಮಾನೋಲ್ ಸಾಕಿರುವ ಕಂದು ಬಣ್ಣದ ನಾಯಿ ಎರಡನ್ನೂ ಅದೇ ದಿನ ಪತ್ತೆ ಮಾಡಿತು. ಎರಡನೆಯದು ಸಿಕ್ಕಿ ಮೂರು ವರ್ಷವಾಗುತ್ತ ಬಂತು. ಅಲ್ಲಿಂದೀಚೆಗೆ ನಾಯಿಗೆ ಕೆಲಸವಿಲ್ಲ. ಉಗ್ರಾಣದ ಬಾಗಿಲಿಗೆ ಅಡ್ಡಲಾಗಿ ಮಲಗಿಕೊಂಡು, ಸೆವ್ದಾ ಚೀಸ್ ಕತ್ತರಿಸುವಾಗ ಮಾತ್ರ ಒಂದು ಕಣ್ಣು ತೆರೆಯುತ್ತದೆ.

"ಅಕ್ಕಾ, ತಿನ್ನಿಸಬೇಡ ಅದಕ್ಕೆ," ಎಂದು ಮಾನೋಲ್ ಅಂಗಳದಿಂದಲೇ ಕೂಗುತ್ತಾರೆ. "ಬೆಟ್ಟ ಹತ್ತೋಕೇ ಆಗ್ತಿಲ್ಲ ಅದರ ಕೈಲಿ. ಹಂದಿ ಆಗಿದೆ!"

ನಿಮ್ಮ ಆಸೆ ಏನು ಎಂದು ಕೇಳಿದ್ದಕ್ಕೆ ಸೆವ್ದಾ ಉತ್ತರ ಕೊಡುವುದು ಆಗ. ಬಾಗಿ, ಚೀಸಿನ ದೊಡ್ಡ ಚೂರೊಂದನ್ನು ನಾಯಿಯ ಮೂತಿಯ ಹತ್ತಿರ ಹಿಡಿಯುತ್ತಾರೆ.

"ಇದು ಇನ್ನೂ ದಪ್ಪ ಆಗ್ಬೇಕು," ಎನ್ನುತ್ತಾರೆ. "ಅಷ್ಟೇ."